ಬಂಜೆತನಕ್ಕೆ ಪುಲ್ಲಿಂಗವಿಲ್ಲವೆ?

1977ರ ಬೇಸಿಗೆಯ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಲ್ಯಾತ್ರೋಪ್ ಎಂಬುದೊಂದು ಪುಟ್ಟ ಊರು. ಅಲ್ಲಿನ ಆಕ್ಸಿಡೆಂಟಲ್ ಕಂಪನಿಯ ಕೃಷಿ ರಾಸಾಯನಿಕ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕೆಲವು ಗಂಡಸರು ತಮ್ಮತಮ್ಮಲ್ಲಿ ಕಷ್ಟಸುಖ ಹೇಳಿಕೊಳ್ಳುತ್ತಿದ್ದಾಗ ಒಂದು ವಿಚಿತ್ರ ಸಂಗತಿ ಹೊರಬಿತ್ತು. ಒಂದೇ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಅವರಲ್ಲಿ ಹಲವರ ಮನೆಯಲ್ಲಿ ಈಚಿನ ವರ್ಷಗಳಲ್ಲಿ ತೊಟ್ಟಿಲು ಕಟ್ಟಿರಲೇ ಇಲ್ಲ. ಪ್ರತಿಯೊಬ್ಬನೂ ಅದು ತನ್ನೊಬ್ಬನ ಮನೆಯ ಗುಟ್ಟೆಂದು ಭಾವಿಸಿ ಸುಮ್ಮನಿದ್ದ. ಗುಟ್ಟುಗಳೆಲ್ಲ ಒಂದೆಡೆ ಸೇರಿದಾಗ ಅದು ಕಾರ್ಖಾನೆಯ ಗುಟ್ಟಾಯಿತು. ಕಾರ್ಮಿಕ ಸಂಘ ಮುಂದೆ ಬಂದು ವೀರ್ಯ ಪರೀಕ್ಷೆ ಮಾಡಿಸಿತು. ಡೊನಾಲ್ಡ್ ವೋರ್ಟನ್ ಎಂಬ ವೈದ್ಯರು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರದ 25 ಮಂದಿಯನ್ನು ತಪಾಸಣೆ ಮಾಡಿದರು. ಅವರಲ್ಲಿ 14 ಮಂದಿಗೆ ವೀರ್ಯಾಣುಗಳು ಒಂದೋ ಇರಲೇ ಇಲ್ಲ, ಇಲ್ಲವೇ ತೀರ ವಿರಳವಾಗಿದ್ದವು. ಅದೇ ವರ್ಷ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಈ ವರದಿ ಪ್ರಕಟವಾಯಿತು.

ಅಪರಾಧಿಯ ಹೆಸರು ಡೈಬ್ರೋಮೋಕ್ಲೋರೋಪ್ರೊಪೇನ್, ಚಿಕ್ಕದಾಗಿ ಡಿಬಿಸಿಪಿ. ಬೆಳೆಗಳ ಬೇರು ಕೊರೆಯುವ ಸೂಕ್ಷ್ಮ ಜಂತುಗಳನ್ನು ಕೊಲ್ಲಲು ಮಣ್ಣಿಗೆ ಸೇರಿಸುತ್ತಿದ್ದ ದ್ರವ ಅದು. ತಯಾರಕರು ಡೌ ಮತ್ತು ಶೆಲ್ ಎಂಬ ದೈತ್ಯ ಕಂಪನಿಗಳು. ಈ ದ್ರವದಿಂದ ಇಲಿಗಳ ವೃಷಣಗಳು ಸೊರಗುತ್ತವೆ ಎಂಬ ಸಂಗತಿ ಅವುಗಳಿಗೆ ಹೊಸದೇನೂ ಆಗಿರಲಿಲ್ಲ. ಅವರದೇ ವಿಜ್ಞಾನಿಗಳು ಪ್ರಯೋಗ ಮಾಡಿ 1961ರಲ್ಲೇ ಅದನ್ನು ಪ್ರಕಟಿಸಿದ್ದರು. ಇಲಿಗೆ ಆದದ್ದು ಮನುಷ್ಯನಿಗೂ ಆದೀತೆ ಎಂದು ಕೇಳುವುದಕ್ಕೆ ಹದಿನಾರು ವರ್ಷ ಬೇಕಾಯಿತು. ಅದನ್ನು ಕೇಳಿದವರೂ ಕಂಪನಿಯ ವೈದ್ಯರಲ್ಲ, ಸರ್ಕಾರದ ಇನ್‌ಸ್ಪೆಕ್ಟರುಗಳಲ್ಲ, ಕೂಲಿಯಾಳುಗಳು.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯ. ಡಿಬಿಸಿಪಿಗೆ ಕಡಿವಾಣ ಬೀಳುತ್ತದೆಂಬ ಸುಳಿವು ಸಿಕ್ಕಿದ್ದೇ ತಡ, ಅಮೆರಿಕದ ಪೀಚ್ ಹಣ್ಣಿನ ಬೆಳೆಗಾರರ ರಾಷ್ಟ್ರೀಯ ಸಂಘಟನೆಯ ಕಾರ್ಯದರ್ಶಿ ಸರ್ಕಾರಕ್ಕೊಂದು ಪತ್ರ ಬರೆದರು. ಮಕ್ಕಳು ಬೇಡವೆನ್ನುವ ಗಂಡಸರು ಹೇಗೂ ಇದ್ದಾರೆ, ಅಂಥವರನ್ನೇ ಈ ಕೆಲಸಕ್ಕೆ ಹಚ್ಚಬಹುದಲ್ಲ ಎಂಬರ್ಥದ ಸಲಹೆ ಅದರಲ್ಲಿತ್ತು. ಕುಟುಂಬ ಯೋಜನೆಗೆ ಇದಕ್ಕಿಂತ ಅಗ್ಗದ ಉಪಾಯ ಇನ್ನೇನಿದ್ದೀತು! ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1979ರಲ್ಲಿ ಈ ವಿಷವನ್ನು ಬಹುಮಟ್ಟಿಗೆ ನಿಷೇಧಿಸಿತು. ಹವಾಯಿ ದ್ವೀಪದ ಅನಾನಸ್ ತೋಟಗಳಿಗೆ ಮಾತ್ರ 1985ರವರೆಗೂ ರಿಯಾಯಿತಿ ದೊರಕಿತ್ತು.

ಆದರೆ ಆ ಹೊತ್ತಿಗೆ ವಿಷದ ಪೀಪಾಯಿಗಳು ಗಡಿ ದಾಟಿದ್ದವು. ಕೋಸ್ಟರಿಕಾ, ನಿಕರಾಗುವಾ, ಹೊಂಡುರಾಸ್ ಮುಂತಾದ ದೇಶಗಳ ಬಾಳೆತೋಟಗಳಿಗೆ ಅದು ಬಹಳ ಹಿಂದಿನಿಂದಲೇ ಹೋಗುತ್ತಿತ್ತು. ಲ್ಯಾತ್ರೋಪ್ ಸುದ್ದಿ ಬಯಲಾದ ಮೇಲೆ ಡೌ ಕಂಪನಿ ಸರಬರಾಜು ನಿಲ್ಲಿಸಲು ಮುಂದಾದಾಗ, ಸ್ಟ್ಯಾಂಡರ್ಡ್ ಫ್ರೂಟ್ ಎಂಬ ಬಾಳೆಹಣ್ಣಿನ ಕಂಪನಿ ಒಪ್ಪಂದ ಮುರಿದರೆ ಜೋಕೆ ಎಂದು ಎಚ್ಚರಿಸಿ ಸರಕು ತರಿಸಿಕೊಂಡಿತು. ಅಮೆರಿಕದ ಕಾರ್ಮಿಕನಿಗೆ ಅಪಾಯಕಾರಿಯೆಂದು ಸಾಬೀತಾದ ವಸ್ತು ಕೋಸ್ಟರಿಕಾದ ಕೂಲಿಗೆ ಏನೂ ಆಗದೆಂಬ ತರ್ಕ ಎಲ್ಲಿಂದ ಬಂತೋ. ಸಾವಿರಾರು ಬಾಳೆ ಕಾರ್ಮಿಕರು ದಶಕಗಳ ಕಾಲ ಅಮೆರಿಕದ ನ್ಯಾಯಾಲಯಗಳ ಮೆಟ್ಟಿಲು ಹತ್ತಿಳಿದರು. ಕೆಲವರಿಗೆ ಪರಿಹಾರ ದಕ್ಕಿತು. ಇನ್ನು ಕೆಲವರ ಪರವಾಗಿ ಲಾಸ್ ಏಂಜಲೀಸ್‌ನಲ್ಲಿ ಬಂದ 2007ರ ತೀರ್ಪು ಮುಂದೆ, ಸಾಕ್ಷಿಗಳಿಗೆ ಹೇಳಿಕೊಟ್ಟು ಸುಳ್ಳು ದಾವೆ ಕಟ್ಟಲಾಗಿತ್ತೆಂಬ ಕಾರಣಕ್ಕೆ, 2010ರಲ್ಲಿ ರದ್ದಾಯಿತು. ನಿಜವಾಗಿ ನೊಂದವರ ದನಿ ವಕೀಲರ ಅತಿಯಾಸೆಯಲ್ಲಿ ಹೂತುಹೋಯಿತು.

ಬೆಳಗಿನ ಕಾಫಿಯ ಜೊತೆ ಓದುವ ಪತ್ರಿಕೆಯಲ್ಲಿ ವೃಷಣ, ವೀರ್ಯ ಎಂದೆಲ್ಲ ಬರೆಯುವುದು ಕೆಲವರಿಗೆ ಮುಜುಗರ ತರಬಹುದು. ಕ್ಷಮೆ ಇರಲಿ. ಆ ಮುಜುಗರವೂ ಈ ಕಥೆಯ ಒಂದು ಪಾತ್ರವೇ ಆಗಿದೆ. ನಮ್ಮ ನುಡಿಯನ್ನೇ ನೋಡಿ: 'ಬಂಜೆ' ಎಂಬ ಶಬ್ದ ಹೆಂಗಸಿಗೆ ಮೀಸಲು. ಅದಕ್ಕೊಂದು ಪುಲ್ಲಿಂಗ ರೂಪ ಆಡುಮಾತಿನಲ್ಲಿಲ್ಲ. ಗಂಡಸಿಗೆ ಅಂಟಿಸುವ 'ಷಂಡ', 'ನಪುಂಸಕ' ಎಂಬ ಪದಗಳು ಬೈಗುಳಗಳು. ಅವುಗಳ ಅರ್ಥವೂ ಬೇರೆ. ಆರೋಗ್ಯವಂತನಾಗಿದ್ದು, ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದೆ, ವೀರ್ಯಾಣುಗಳಷ್ಟೇ ಸಾಲದಿರುವ ಗಂಡಸನ್ನು ಕರೆಯಲು ನಮ್ಮಲ್ಲಿ ಪದವಿಲ್ಲ. ಪದವಿಲ್ಲದ್ದು ಮನೆಯೊಳಗೆ ಚರ್ಚೆಗೂ ಬರುವುದಿಲ್ಲ. ಮದುವೆಯಾಗಿ ಎರಡು ವರ್ಷ ಕಳೆದರೆ ಸೊಸೆಯೇ ಅಶ್ವತ್ಥಕಟ್ಟೆ ಸುತ್ತಬೇಕು, ಸೊಸೆಗೇ ಸ್ಕ್ಯಾನಿಂಗು, ಸೊಸೆಗೇ ಗುಳಿಗೆ. ಮಗನ ಪರೀಕ್ಷೆಯ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. ಅದೂ ಅತ್ತೆಗೆ ಕೇಳಿಸದಂತೆ. ಮಕ್ಕಳಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಪಾಲೂ ಇರುತ್ತದೆಂದು ವೈದ್ಯರು ಎಷ್ಟು ಬಾರಿ ಹೇಳಿದರೂ ಅಷ್ಟೆ. ಮೂವರು ಪಟ್ಟದ ರಾಣಿಯರಿದ್ದೂ ಮಕ್ಕಳಾಗದಾಗ ದಶರಥ ಮಹಾರಾಜ ತಾನೇ ಯಾಗಕ್ಕೆ ಕುಳಿತ. ಅಷ್ಟರಮಟ್ಟಿಗೆ ಅವನು ನಮಗಿಂತ ಮುಂದಿದ್ದ ಎನ್ನಬೇಕು.

ರಾಸಾಯನಿಕಗಳ ಪೆಟ್ಟು ಗಂಡಸಿನ ಈ ಅಂಗಕ್ಕೇ ಯಾಕೆ ಬೇಗ ಬೀಳುತ್ತದೆ? ಒಂದು ಕಾರಣ, ಅಲ್ಲಿ ನಿರಂತರ ನಡೆಯುವ ಉತ್ಪಾದನೆ. ಹೆಣ್ಣುಮಗು ಹುಟ್ಟುವಾಗಲೇ ತನ್ನ ಜೀವಮಾನದ ಅಂಡಗಳ ಸಂಗ್ರಹವನ್ನು ಹೊತ್ತು ಬರುತ್ತದೆ. ಗಂಡಿನ ದೇಹದಲ್ಲಾದರೋ ಪ್ರೌಢಾವಸ್ಥೆಯಿಂದ ವೃದ್ಧಾಪ್ಯದವರೆಗೆ ಹಗಲಿರುಳು ಕೋಶ ವಿಭಜನೆ ನಡೆಯುತ್ತಲೇ ಇರುತ್ತದೆ. ಒಂದು ವೀರ್ಯಾಣು ಸಿದ್ಧವಾಗಲು ಎಪ್ಪತ್ತಕ್ಕೂ ಹೆಚ್ಚು ದಿನ ಬೇಕು. ಈ ಅವಧಿಯಲ್ಲಿ ಹೊಗೆ, ವಿಷ, ಅತಿ ಶಾಖ ಯಾವುದೇ ಬಂದೆರಗಿದರೂ ಫಸಲು ಕೆಡುತ್ತದೆ. ಇದು ತಾತ್ಕಾಲಿಕ. ವಿಷದಿಂದ ದೂರ ಸರಿದರೆ ಮುಂದಿನ ಫಸಲು ಸರಿಹೋದೀತು. ಲ್ಯಾತ್ರೋಪಿನ ಕೆಲವರಿಗೆ ಹಾಗೆ ಸರಿಹೋಯಿತು ಕೂಡ. ಬಹಳ ವರ್ಷ ದುಡಿದು ಮೂಲ ಕೋಶಗಳನ್ನೇ ಕಳೆದುಕೊಂಡವರಿಗೆ ಮಾತ್ರ ಆ ಭಾಗ್ಯ ಒದಗಲಿಲ್ಲ.

ಎರಡನೆಯ ದಾರಿ ಇನ್ನೂ ಸೂಕ್ಷ್ಮ. ಗಂಡುತನದ ನೀಲನಕ್ಷೆ ತಯಾರಾಗುವುದು ತಾಯಿಯ ಗರ್ಭದಲ್ಲಿ. ಸುಮಾರು ಎಂಟರಿಂದ ಹದಿನಾಲ್ಕನೆಯ ವಾರದ ನಡುವೆ. ಆಗ ಭ್ರೂಣದ ಪುಟ್ಟ ವೃಷಣಗಳು ಸ್ರವಿಸುವ ಟೆಸ್ಟೊಸ್ಟೆರೋನ್ ಹಾರ್ಮೋನು, ಯಾವ ಅಂಗ ಎಲ್ಲಿ ಎಷ್ಟು ಬೆಳೆಯಬೇಕೆಂದು ಅಪ್ಪಣೆ ಕೊಡುತ್ತದೆ. ಈ ಅಪ್ಪಣೆಯ ಪ್ರಮಾಣವಾದರೂ ಎಷ್ಟು? ಒಂದು ಗ್ರಾಮಿನ ನೂರು ಕೋಟಿಯ ಒಂದು ಪಾಲಿನ ಲೆಕ್ಕದಲ್ಲಿ ಹೇಳಬೇಕಾದಷ್ಟು. ಅಷ್ಟು ಮೆಲುದನಿಯ ಸಂದೇಶಕ್ಕೆ ಅಡ್ಡಿಪಡಿಸಲು ಹೆಚ್ಚಿನ ವಿಷವೇನೂ ಬೇಕಾಗುವುದಿಲ್ಲ. ಹಾರ್ಮೋನಿನಂತೆಯೇ ನಟಿಸುವ ಅಥವಾ ಹಾರ್ಮೋನು ಕೂರಬೇಕಾದ ಪೀಠದಲ್ಲಿ ತಾನೇ ಹೋಗಿ ಕೂರುವ ಒಂದು ವಸ್ತು ತಾಯಿಯ ರಕ್ತದಲ್ಲಿದ್ದರೆ ಸಾಕು. ಡಿಡಿಟಿ ದೇಹದೊಳಗೆ ಒಡೆದು ಉಂಟಾಗುವ ಡಿಡಿಇ ಎಂಬ ಪದಾರ್ಥ ಹೀಗೆ ಗಂಡು ಹಾರ್ಮೋನಿನ ಪೀಠವನ್ನು ಆಕ್ರಮಿಸುತ್ತದೆಂದು 1995ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ದಕ್ಷಿಣ ಆಫ್ರಿಕದ ಲಿಂಪೊಪೊ ಪ್ರಾಂತದಲ್ಲಿ ಮಲೇರಿಯಾ ಸೊಳ್ಳೆ ಕೊಲ್ಲಲು ಮನೆಗಳ ಗೋಡೆಗೆ ಡಿಡಿಟಿ ಹೊಡೆಯುತ್ತಿದ್ದರು. ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಗಂಡುಶಿಶುಗಳನ್ನು ಪರೀಕ್ಷಿಸಿದಾಗ, ಡಿಡಿಟಿ ಹೊಡೆದ ಹಳ್ಳಿಗಳ ತಾಯಂದಿರ ಮಕ್ಕಳಲ್ಲಿ ಮೂತ್ರ-ಜನನಾಂಗದ ಹುಟ್ಟುದೋಷಗಳ ಸಂಭವ ಮೂರನೆಯ ಒಂದರಷ್ಟು ಹೆಚ್ಚಿತ್ತು. ಮಲೇರಿಯಾ ಕೊಲ್ಲುತ್ತದೆ, ನಿಜ. ಅದನ್ನು ತಡೆಯುವ ಔಷಧಕ್ಕೂ ಒಂದು ಬೆಲೆಯಿದೆ ಎಂಬುದೂ ನಿಜ. ಇಂಥ ತೂಗಾಟ ಸುಲಭವಲ್ಲ.

ದೂರದ ಕಥೆಗಳು ಸಾಕು. ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮಕ್ಕೆ ಬರೋಣ. ಭಾಷಾವಾರು ಪ್ರಾಂತ ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಈ ಊರಿನ ಜನ ಕನ್ನಡ, ತುಳು ಮಾತಾಡುವವರು. ಊರೊಳಗಿನ ಒಂದು ಜಾಗದ ಹೆಸರೇ ಸ್ವರ್ಗ. ಸುತ್ತಲಿನ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು. ಗುಡ್ಡದ ಬುಡದಲ್ಲಿ ಮನೆ, ಅಡಿಕೆ ತೋಟ, ಶಾಲೆ, ಬಾವಿ. ಗುಡ್ಡ ಕೊರೆದ ಸುರಂಗಗಳಿಂದ ಜಿನುಗುವ ನೀರೇ ಇಲ್ಲಿನವರ ಕುಡಿಯುವ ನೀರು. ಗೇರುಹೂವನ್ನು ಒಣಗಿಸುವ ಟೀ ಸೊಳ್ಳೆಯನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದ ವರೆಗೆ ವರ್ಷಕ್ಕೆ ಎರಡು-ಮೂರು ಬಾರಿ ಹೆಲಿಕಾಪ್ಟರ್ ಬಂದು ಎಂಡೋಸಲ್ಫಾನ್ ಸುರಿಸಿ ಹೋಗುತ್ತಿತ್ತು. ಗುಡ್ಡದ ಮೇಲೆ ಸುರಿದದ್ದು ಗುಡ್ಡದ ಬುಡಕ್ಕೆ ಬಾರದೆ ಇನ್ನೆಲ್ಲಿಗೆ ಹೋದೀತು?

ಊರಿನಲ್ಲಿ ಹುಟ್ಟಿದ ಕರುಗಳ ವಿಕಾರವನ್ನು ಕಂಡು ಮೊದಲು ಬರೆದವರು ಕೃಷಿ ಪತ್ರಕರ್ತ ಶ್ರೀಪಡ್ರೆಯವರು. 1979ರಷ್ಟು ಹಿಂದೆ. ವಾಣಿನಗರದಲ್ಲಿ ದವಾಖಾನೆ ಇಟ್ಟಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಕ್ಯಾನ್ಸರ್, ಹುಟ್ಟುದೋಷಗಳು ಒಂದೇ ಕಣಿವೆಯ ಮನೆಗಳಲ್ಲಿ ದಟ್ಟವಾಗಿರುವುದನ್ನು ಗುರುತಿಸಿ ವರ್ಷಗಟ್ಟಲೆ ಪತ್ರ ಬರೆದರು. ಆ ಮಕ್ಕಳ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಅವು ಮನಸ್ಸಿನಿಂದ ಮಾಸುವಂಥವಲ್ಲ. ಆದರೆ ಪಡ್ರೆಯ ಇನ್ನೊಂದು ಅಧ್ಯಯನ ಆ ಚಿತ್ರಗಳ ನೆರಳಿನಲ್ಲಿ ಮರೆಯಾಗಿ ಉಳಿಯಿತು. ಅದು ಹೊರನೋಟಕ್ಕೆ ಏನೂ ಆಗಿರದ ಮಕ್ಕಳ ಕುರಿತಾದದ್ದು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ್ದು, ಅಂದರೆ ಸರ್ಕಾರದ್ದೇ. ಅದರ ನಿರ್ದೇಶಕರಾಗಿದ್ದ ಹಬೀಬುಲ್ಲಾ ಸೈಯದ್ ಮತ್ತು ಸಂಗಡಿಗರು 2001ರಲ್ಲಿ ಪಡ್ರೆಗೆ ಬಂದು ಹತ್ತರಿಂದ ಹತ್ತೊಂಬತ್ತು ವಯಸ್ಸಿನ 117 ಶಾಲಾ ಹುಡುಗರನ್ನು ಪರೀಕ್ಷಿಸಿದರು. ಹೋಲಿಕೆಗಾಗಿ ಸಿಂಪಡಣೆಯ ಇತಿಹಾಸವಿಲ್ಲದ ಬೇರೊಂದು ಊರಿನ 90 ಹುಡುಗರನ್ನು ಆರಿಸಿಕೊಂಡರು. ಹೆಲಿಕಾಪ್ಟರ್ ಹಾರಾಟ ನಿಂತು ತಿಂಗಳುಗಳೇ ಕಳೆದಿದ್ದರೂ ಪಡ್ರೆ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಪ್ರಮಾಣ ಸರಾಸರಿ ನೂರು ಕೋಟಿಗೆ 7.47 ಭಾಗದಷ್ಟಿತ್ತು. ಇನ್ನೊಂದು ಊರಿನವರಲ್ಲಿ ಅದು 1.37. ಬರಿಯ ಇಷ್ಟೇ ಆಗಿದ್ದರೆ ರಕ್ತದಲ್ಲಿ ಏನೋ ಇದೆ, ಇದ್ದರೇನಂತೆ ಎಂದು ತಳ್ಳಿಹಾಕಬಹುದಿತ್ತು. ವೈದ್ಯರು ಹುಡುಗರ ಲೈಂಗಿಕ ಬೆಳವಣಿಗೆಯನ್ನೂ ಅಳೆದರು. ವಯಸ್ಸಿಗೆ ತಕ್ಕಂತೆ ಕಾಣಬೇಕಾದ ಬೆಳವಣಿಗೆ ಪಡ್ರೆಯವರಲ್ಲಿ ಹಿಂದುಳಿದಿತ್ತು. ಟೆಸ್ಟೊಸ್ಟೆರೋನ್ ಕಡಿಮೆಯಿತ್ತು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಲ್‌ಎಚ್ ಎಂಬ ಹಾರ್ಮೋನು ಮಾತ್ರ ಹೆಚ್ಚಾಗಿತ್ತು.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವೃಷಣಗಳಿಗೆ ಟೆಸ್ಟೊಸ್ಟೆರೋನ್ ತಯಾರಿಸಿ ಎಂದು ಆದೇಶ ಕೊಡುವುದೇ ಈ ಎಲ್‌ಎಚ್. ಸರಕು ಸಾಕಷ್ಟು ತಯಾರಾದಾಗ ಆದೇಶ ತಗ್ಗುತ್ತದೆ. ಪಡ್ರೆಯ ಹುಡುಗರಲ್ಲಿ ಆದೇಶ ಜೋರಾಗಿಯೇ ಇತ್ತು, ಸರಕು ಹೊರಬರುತ್ತಿರಲಿಲ್ಲ. ಮೇಲಿನ ಸಾಹೇಬರು ಒಂದರ ಮೇಲೊಂದು ಮೆಮೊ ಕಳಿಸುತ್ತಿದ್ದಾರೆ, ಕೆಳಗಿನ ಗುಮಾಸ್ತನ ಕೈ ಓಡುತ್ತಿಲ್ಲ ಎಂಬಂತೆ. ಹುಡುಗರು ಉಂಡದ್ದು ಸಾಲದೆ ಹೀಗಾಯಿತೆಂದು ವಾದಿಸಿದರೆ ಮೆಮೊಗಳೂ ಕಡಿಮೆ ಇರಬೇಕಿತ್ತು. ಹಸಿದ ದೇಹದಲ್ಲಿ ಮೊದಲು ಸುಮ್ಮನಾಗುವುದೇ ಮೇಲಿನ ಕಚೇರಿ. ಕೆಡುಕು ಕೆಳಗೆ, ವೃಷಣದಲ್ಲೇ, ಆಗಿದೆಯೆಂಬುದರ ಸುಳಿವು ಇದು.

ವೃಷಣ ಇಳಿಯದಿರುವುದು, ತೊಡೆಸಂದಿನ ಹುಟ್ಟು ಹರ್ನಿಯಾದಂಥ ದೋಷಗಳು ಪಡ್ರೆಯಲ್ಲಿ ನೂರಕ್ಕೆ 5.1, ಇನ್ನೊಂದೂರಿನಲ್ಲಿ 1.1 ಇದ್ದವು. ಆದರೆ ಸಂಖ್ಯೆ ಸಣ್ಣದಾದ್ದರಿಂದ ಈ ವ್ಯತ್ಯಾಸವನ್ನು ಖಚಿತವೆನ್ನಲಾಗದು ಎಂದು ಅಧ್ಯಯನಕಾರರೇ ಒಪ್ಪಿಕೊಂಡರು. ಒಟ್ಟಾರೆ ತೀರ್ಮಾನವನ್ನೂ ಅವರು ಅಷ್ಟೇ ಎಚ್ಚರದಿಂದ ಬರೆದರು: ಎಂಡೋಸಲ್ಫಾನ್ ಗಂಡುಮಕ್ಕಳ ಪ್ರಾಯಪ್ರಾಪ್ತಿಯನ್ನು ತಡಮಾಡಬಹುದು, ಹಾರ್ಮೋನು ತಯಾರಿಕೆಗೆ ಅಡ್ಡಿಯಾಗಬಹುದು. 2003ರಲ್ಲಿ ಅಮೆರಿಕದ ಹೆಸರಾಂತ ಪರಿಸರ-ಆರೋಗ್ಯ ಪತ್ರಿಕೆಯಲ್ಲಿ ಈ ಪ್ರಬಂಧ ಬೆಳಕು ಕಂಡಿತು. ಕೀಟನಾಶಕ ಉದ್ಯಮ ಹುಬ್ಬೇರಿಸಿತು. ಅಧ್ಯಯನದ ವಿಧಾನ ಸರಿಯಿಲ್ಲ, ಹುಡುಗರ ಆಯ್ಕೆ ಸರಿಯಿಲ್ಲ ಎಂದೆಲ್ಲ ಆಕ್ಷೇಪಗಳ ಸುರಿಮಳೆಯಾಯಿತು. ವಿಜ್ಞಾನದಲ್ಲಿ ಆಕ್ಷೇಪಕ್ಕೆ ಜಾಗವಿದೆ, ಇರಲೂ ಬೇಕು. ಒಂದೇ ಊರಿನ 117 ಹುಡುಗರಿಂದ ಲೋಕಕ್ಕೆಲ್ಲ ಅನ್ವಯಿಸುವ ಸತ್ಯ ಹೊರಡುವುದಿಲ್ಲ. ಅದಕ್ಕೆ ಮದ್ದು ಇನ್ನೂ ದೊಡ್ಡ ಅಧ್ಯಯನವೇ ಹೊರತು ವಿಷದ ಮಾರಾಟದ ಮುಂದುವರಿಕೆಯಲ್ಲ. ನಮ್ಮಲ್ಲಿ ಆದದ್ದು ಎರಡನೆಯದು. ಆಮೇಲೂ ಎಂಟು ವರ್ಷ ಎಂಡೋಸಲ್ಫಾನ್ ದೇಶದಲ್ಲಿ ತಯಾರಾಗುತ್ತ, ಮಾರಾಟವಾಗುತ್ತ, ರಫ್ತಾಗುತ್ತ ಹೋಯಿತು. ಕರ್ನಾಟಕ ಸರ್ಕಾರ 2011ರ ಫೆಬ್ರುವರಿಯಲ್ಲಿ ಅದನ್ನು ನಿಷೇಧಿಸಿತು. ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಜಿನೀವಾದಲ್ಲಿ ಸೇರಿ ಜಾಗತಿಕ ನಿಷೇಧಕ್ಕೆ ಸಮ್ಮತಿಸಿದವು; ಭಾರತದ ನಿಯೋಗ ಕೊನೆಯವರೆಗೂ ಕೊಸರಾಡಿ, ವಿನಾಯಿತಿಗಳನ್ನು ಪಡೆದು ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು.

ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಮುತ್ತ ಗೇರು ತೋಟಗಳ ಮೇಲೆ ಇದೇ ರೀತಿ ವಿಷ ಸುರಿದದ್ದು ನಮ್ಮದೇ ಸರ್ಕಾರಿ ನಿಗಮ. ಅಲ್ಲಿಯೂ ಸಂತ್ರಸ್ತರ ಪಟ್ಟಿ, ಮಾಸಾಶನ, ಪಾಲನಾ ಕೇಂದ್ರಗಳು ಹೋರಾಟದ ಫಲವಾಗಿ ಬಂದವು. ಪಟ್ಟಿಗೆ ಹೆಸರು ಸೇರಬೇಕಾದರೆ ಕಣ್ಣಿಗೆ ಕಾಣುವ ಊನವಿರಬೇಕು. ಮಗು ಆಗಲಿಲ್ಲ ಎಂಬುದು ಕಣ್ಣಿಗೆ ಕಾಣುವ ಊನವಲ್ಲ.

ಇನ್ನು ವಿಷ ಸುರಿಯದ ಊರಿನವರ, ಅಂದರೆ ನಮ್ಮ ನಿಮ್ಮಂಥವರ ಮಾತು. 1992ರಲ್ಲಿ ಡೆನ್ಮಾರ್ಕಿನ ನೀಲ್ಸ್ ಸ್ಕಾಕೆಬೆಕ್ ತಂಡ ಐವತ್ತು ವರ್ಷಗಳ 61 ಅಧ್ಯಯನಗಳನ್ನು ಒಟ್ಟುಗೂಡಿಸಿ ಒಂದು ಲೆಕ್ಕ ಮುಂದಿಟ್ಟಿತು. 1940ರಲ್ಲಿ ಒಂದು ಮಿಲಿಲೀಟರ್ ವೀರ್ಯದಲ್ಲಿ ಸರಾಸರಿ 11.3 ಕೋಟಿ ವೀರ್ಯಾಣುಗಳಿದ್ದವು. 1990ಕ್ಕೆ ಅದು 6.6 ಕೋಟಿಗೆ ಇಳಿದಿತ್ತು. ಲೋಕವೆಲ್ಲ ಹೌಹಾರಿತು. ಹಳೆಯ ಎಣಿಕೆಗಳನ್ನು ನಂಬುವುದು ಹೇಗೆ, ಅಂದಿನ ಮಾದರಿಗಳು ಯಾರವು ಎಂಬ ತಕರಾರು ಎದ್ದಿತು. 2017ರಲ್ಲಿ ಹಗಾಯ್ ಲೆವೀನ್, ಶಾನಾ ಸ್ವಾನ್ ಮೊದಲಾದವರು ಹೆಚ್ಚು ಕಟ್ಟುನಿಟ್ಟಾದ ವಿಧಾನದಿಂದ ಮತ್ತೆ ಎಣಿಸಿದರು. ಪಾಶ್ಚಾತ್ಯ ದೇಶಗಳಲ್ಲಿ 1973ರಿಂದ 2011ರ ನಡುವೆ ಇಳಿಕೆ ನೂರಕ್ಕೆ ಐವತ್ತೆರಡಕ್ಕೂ ಹೆಚ್ಚು ಎಂದಾಯಿತು. 2022ರಲ್ಲಿ ಅವರೇ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಗಳ ಅಂಕಿಗಳನ್ನೂ ಸೇರಿಸಿ 223 ಅಧ್ಯಯನಗಳಿಂದ ಲೆಕ್ಕ ಹಾಕಿದಾಗ, 10.1 ಕೋಟಿಯಷ್ಟಿದ್ದದ್ದು 2018ಕ್ಕೆ 4.9 ಕೋಟಿಗೆ ಕುಸಿದಿತ್ತು. 2000ದ ನಂತರ ಇಳಿಕೆಯ ವೇಗ ಇಮ್ಮಡಿಯಾಗಿದೆ ಎಂದೂ ಅವರೆಂದರು.

ಎಲ್ಲರೂ ಇದನ್ನು ಒಪ್ಪುವುದಿಲ್ಲ. ಹಾರ್ವರ್ಡ್‌ನ ಕೆಲವು ಸಂಶೋಧಕರು 2021ರಲ್ಲಿ, ವೀರ್ಯಾಣು ಸಂಖ್ಯೆ ಕಾಲದೇಶಗಳಿಗೆ ತಕ್ಕಂತೆ ಸಹಜವಾಗಿಯೇ ಏರಿಳಿಯಬಹುದು, ಎಪ್ಪತ್ತರ ದಶಕದ ಪಾಶ್ಚಾತ್ಯ ಗಂಡಸನ್ನೇ ಮಾನದಂಡ ಮಾಡಿಕೊಳ್ಳುವುದು ಯಾವ ನ್ಯಾಯ ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. 2017ರಿಂದ 2022ರವರೆಗೆ ವೀರ್ಯದಾನಕ್ಕೆ ಬಂದ ಡೆನ್ಮಾರ್ಕಿನ ಗಂಡಸರಲ್ಲಿ ಸಂಖ್ಯೆ ತಗ್ಗಿರಲಿಲ್ಲ; ಆದರೆ ಚಲಿಸುವ ವೀರ್ಯಾಣುಗಳ ಪ್ರಮಾಣ 2019ರ ನಂತರ ಕುಗ್ಗಿತ್ತು. ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಸಂತಾನ ನಿಂತೇಹೋಗುತ್ತದೆ ಎಂದೇನೂ ಇಲ್ಲ. ನಾಲ್ಕೈದು ಕೋಟಿಯಾದರೂ ಗರ್ಭಧಾರಣೆಗೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯವೆಂದು ಪರಿಗಣಿಸುವ ಕೆಳಮಿತಿ ಹಿಂದೆ ಎರಡು ಕೋಟಿ ಇತ್ತು. 2010ರಲ್ಲಿ ಅದು ಒಂದೂವರೆ ಕೋಟಿಗೆ ಬಂತು, 2021ರಲ್ಲಿ 1.6 ಕೋಟಿ. ಮನುಕುಲದ ಅಂತ್ಯ ಸಮೀಪಿಸಿತೆಂದು ಟಿ.ವಿ. ವಾಹಿನಿಗಳು ಬೊಬ್ಬೆ ಹೊಡೆದರೆ ನಂಬಬೇಕಾಗಿಲ್ಲ. ನೂರೈವತ್ತು ಕೋಟಿಯ ಹತ್ತಿರವಿರುವ ನಮ್ಮ ದೇಶದಲ್ಲಂತೂ ಆ ಮಾತು ನಗೆಪಾಟಲು.

ಆದರೆ ಸರಾಸರಿಯ ಈ ವಾಗ್ವಾದದಲ್ಲಿ ಕಳೆದುಹೋಗುವವನು ಅಂಚಿನಲ್ಲಿ ನಿಂತ ಗಂಡಸು. ಸರಾಸರಿ ಹತ್ತು ಕೋಟಿಯಿಂದ ಐದಕ್ಕೆ ಇಳಿದರೆ, ಮೊದಲೇ ಎರಡು-ಮೂರು ಕೋಟಿಯವನಾಗಿದ್ದವನು ಮಿತಿಯ ಕೆಳಗೆ ಜಾರುತ್ತಾನೆ. ಅವನಿಗೆ ರಾಷ್ಟ್ರದ ಜನಸಂಖ್ಯೆಯ ಅಂಕಿ ಯಾವ ಸಮಾಧಾನವನ್ನೂ ಕೊಡುವುದಿಲ್ಲ. ಬೆಂಗಳೂರಿನ ಪ್ರತಿ ವೃತ್ತದಲ್ಲೂ ನಗುವ ಮಗುವಿನ ಫಲಕ ಹಾಕಿರುವ ಐವಿಎಫ್ ಕೇಂದ್ರಗಳಿಗೆ ಲಕ್ಷಗಟ್ಟಲೆ ಸುರಿಯುವವರು ಇಂಥವರ ಕುಟುಂಬದವರೇ. ಅಲ್ಲಿಯೂ ಚುಚ್ಚುಮದ್ದು ಚುಚ್ಚಿಸಿಕೊಳ್ಳುವವಳು ಹೆಂಡತಿ.

ಧೂಮಪಾನ, ಬೊಜ್ಜು, ಮದ್ಯ, ಸದಾ ಬಿಸಿಯಲ್ಲಿ ಕೂತು ಮಾಡುವ ಕೆಲಸ, ತಡವಾದ ಮದುವೆ, ವೃಷಣದ ರಕ್ತನಾಳಗಳ ಊತ ಇವೆಲ್ಲ ಕಾರಣಗಳ ಪಟ್ಟಿಯಲ್ಲಿವೆ. ರಾಸಾಯನಿಕಗಳ ಪಾಲೆಷ್ಟು ಎಂದು ಬೇರ್ಪಡಿಸಿ ತೂಗುವುದು ಕಷ್ಟ. ಸಂಶಯದ ಮುಳ್ಳು ಮಾತ್ರ ಹಲವು ದಿಕ್ಕುಗಳಿಂದ ಅತ್ತಲೇ ತಿರುಗುತ್ತದೆ. ಫ್ಲಾರಿಡಾದ ಅಪೋಪ್ಕ ಸರೋವರಕ್ಕೆ 1980ರಲ್ಲಿ ಕೀಟನಾಶಕ ಸೋರಿದ ನಂತರ ಅಲ್ಲಿನ ಗಂಡುಮೊಸಳೆಗಳ ಜನನಾಂಗ ಸುಮಾರು ಕಾಲುಭಾಗ ಚಿಕ್ಕದಾಗಿರುವುದನ್ನು ಲೂಯಿ ಗಿಲೆಟ್ ಅಳೆದು ತೋರಿಸಿದರು. ಮೊಸಳೆ ಸಿಗರೇಟು ಸೇದುವುದಿಲ್ಲ, ಮದುವೆಯನ್ನು ಮುಂದೂಡುವುದೂ ಇಲ್ಲ. ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬಳಸುವ ಥ್ಯಾಲೇಟುಗಳು ಗರ್ಭಿಣಿ ಇಲಿಗೆ ಉಣಿಸಿದಾಗ ಗಂಡುಮರಿಗಳ ಗಂಡುತನ ಕುಗ್ಗುತ್ತದೆ. 2005ರಲ್ಲಿ ಶಾನಾ ಸ್ವಾನ್ ಗರ್ಭಿಣಿಯರ ಮೂತ್ರದಲ್ಲಿ ಇವುಗಳ ಅಂಶ ಹೆಚ್ಚಿದ್ದಷ್ಟೂ ಅವರ ಗಂಡುಶಿಶುಗಳಲ್ಲಿ ಅದೇ ಬಗೆಯ ಸೂಕ್ಷ್ಮ ಬದಲಾವಣೆ ಕಂಡರು. ಈ ಥ್ಯಾಲೇಟುಗಳು ಇರುವುದೆಲ್ಲಿ? ಮೆದು ಪಿವಿಸಿ ಕೊಳವೆಯಲ್ಲಿ, ಸುಗಂಧದ್ರವ್ಯದಲ್ಲಿ, ಉಗುರುಬಣ್ಣದಲ್ಲಿ. ಗಟ್ಟಿ ಪಾಲಿಕಾರ್ಬೊನೇಟ್ ಡಬ್ಬಿಯಲ್ಲಿ, ಅಂಗಡಿಯ ಬಿಲ್ಲಿನ ನುಣುಪು ಕಾಗದದಲ್ಲಿ ಇರುವುದು ಬಿಸ್ಫಿನಾಲ್-ಎ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಇದರ ಸುರಕ್ಷಿತ ದೈನಿಕ ಮಿತಿಯನ್ನು ಇಪ್ಪತ್ತು ಸಾವಿರ ಪಟ್ಟು ಇಳಿಸಿತು. ನಿನ್ನೆಯವರೆಗೆ ನಿರಪಾಯಕಾರಿ ಎಂದಿದ್ದ ಪ್ರಮಾಣ ಅಷ್ಟು ಪಟ್ಟು ತಪ್ಪಾಗಿತ್ತೆಂದರೆ, ಇಂದಿನ 'ಸುರಕ್ಷಿತ' ಎಂಬ ಮುದ್ರೆಯನ್ನು ಕಣ್ಣುಮುಚ್ಚಿ ನಂಬುವುದು ಹೇಗೆ?

ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಡಬ್ಬಿ ತೆಗೆದು ಸ್ಟೀಲ್ ಇಡುವುದು, ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಳ್ಳದಿರುವುದು ಒಳ್ಳೆಯದೇ. ಮಧ್ಯಮ ವರ್ಗದ ನಾವು ಅಷ್ಟಕ್ಕೆ ತೃಪ್ತರಾಗಿಬಿಡುತ್ತೇವೆ ಎಂಬುದೇ ನನ್ನ ಆತಂಕ. ಬರಿಮೈಯಲ್ಲಿ, ಮೂಗಿಗೊಂದು ಟವೆಲು ಸುತ್ತಿಕೊಂಡು, ಬೆನ್ನಮೇಲಿನ ಪಂಪಿನಿಂದ ದ್ರಾಕ್ಷಿಗೋ ಹತ್ತಿಗೋ ಔಷಧಿ ಹೊಡೆಯುವ ಆಳಿನ ಅಡುಗೆಮನೆಯಲ್ಲಿ ಯಾವ ಡಬ್ಬಿಯಿದ್ದರೂ ಒಂದೇ. ಔಷಧಿ ಎಂಬ ಹೆಸರೂ ಎಂಥ ವ್ಯಂಗ್ಯ! ಹತ್ತಿ ಹೊಲದಲ್ಲಿ ಕೀಟನಾಶಕ ಹೊಡೆಯುವ ಗಂಡಸರ ಸಾವಿರದಷ್ಟು ಕುಟುಂಬಗಳನ್ನು ಇತರರೊಡನೆ ಹೋಲಿಸಿದ ಭಾರತದ ಒಂದು ಅಧ್ಯಯನ 1991ರಲ್ಲೇ ಬಂದಿತ್ತು. ಹೊಡೆಯುವವರಲ್ಲಿ ಸಂತಾನಶಕ್ತಿ ಕಡಿಮೆ, ಅವರ ಪತ್ನಿಯರಲ್ಲಿ ಮೃತಶಿಶು ಜನನ ಹೆಚ್ಚು ಎಂದು ಅದು ಹೇಳಿತ್ತು. ಮೂರು ದಶಕ ದಾಟಿದರೂ ಬೆನ್ನಿನ ಪಂಪು ಹಾಗೆಯೇ ಇದೆ.

ಹೊಸ ಕಾನೂನಿಗೆ ಕಾಯದೆ ಈಗಲೇ ಮಾಡಬಹುದಾದ ಕೆಲಸಗಳಿವೆ. 2021ರ ಸಂತಾನ ನೆರವು ತಂತ್ರಜ್ಞಾನ ಕಾಯ್ದೆಯ ಪ್ರಕಾರ ಐವಿಎಫ್ ಕೇಂದ್ರಗಳೆಲ್ಲ ನೋಂದಣಿ ಮಾಡಿಸಬೇಕು, ದಾಖಲೆ ಇಡಬೇಕು. ಅಲ್ಲಿ ದಿನವೂ ನಡೆಯುವ ವೀರ್ಯ ಪರೀಕ್ಷೆಯ ಅಂಕಿಗಳನ್ನು ಹೆಸರು ತೆಗೆದು, ತಾಲ್ಲೂಕು ಮತ್ತು ಕಸುಬಿನ ಎರಡು ಅಂಕಣ ಸೇರಿಸಿ ಒಂದೆಡೆ ಕೂಡಿಸಿದರೆ ಸಾಕು, ಯಾವ ಕಣಿವೆಯಲ್ಲಿ, ಯಾವ ಕಾರ್ಖಾನೆಯ ಸುತ್ತ ಗುಟ್ಟುಗಳು ದಟ್ಟೈಸಿವೆ ಎಂದು ನಕ್ಷೆಯೇ ಹೇಳುತ್ತದೆ. ಲ್ಯಾತ್ರೋಪಿನಲ್ಲಿ ಕಾರ್ಮಿಕರು ತಮ್ಮೊಳಗೆ ಮಾತಾಡಿಕೊಂಡು ಮಾಡಿದ್ದೂ ಅದನ್ನೇ.

ಇನ್ನೊಂದು ಕೆಲಸ ಪಡ್ರೆಯದು. ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಿ ಎಂದು ಸುಪ್ರೀಂ ಕೋರ್ಟ್ ಕೇರಳಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ವಿಚಾರಿಸಿದಾಗ 3,704 ಮಂದಿಯ ಪೈಕಿ ಎಂಟೇ ಮಂದಿಗೆ ಹಣ ಸಂದಿತ್ತು. ಆ ಎಂಟೂ ಮಂದಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದವರು. ಛೀಮಾರಿಯ ನಂತರವಷ್ಟೇ ಖಜಾನೆಯ ಬಾಗಿಲು ತೆರೆಯಿತು. ಪಟ್ಟಿಯಲ್ಲಿ ಇರುವವರ ಪಾಡೇ ಹೀಗಿರುವಾಗ, ಯಾವ ಪಟ್ಟಿಗೂ ಬೇಕಾಗದೆ ಬೆಳೆದ ಆ 117 ಹುಡುಗರ ವಿಚಾರ ಯಾರಿಗೆ ನೆನಪಾಗಬೇಕು? ಅವರಲ್ಲಿ ಅತಿ ಕಿರಿಯವನಿಗೀಗ ಮೂವತ್ತು ದಾಟಿದೆ, ಹಿರಿಯವನಿಗೆ ನಲವತ್ತು. ಕೆಲವರು ಮಂಗಳೂರಿಗೋ ಕೊಲ್ಲಿ ದೇಶಗಳಿಗೋ ಹೋಗಿರಬಹುದು, ಕೆಲವರು ಅಡಿಕೆ ತೋಟದಲ್ಲೇ ಇರಬಹುದು. ಅವರ ಹೆಸರು, ವಯಸ್ಸು, ಅಂದಿನ ರಕ್ತದ ಅಂಕಿ ಎಲ್ಲವನ್ನೂ ಬರೆದುಕೊಂಡದ್ದು ಸರ್ಕಾರದ್ದೇ ಸಂಸ್ಥೆ. ಅಹಮದಾಬಾದಿನಿಂದ ಒಂದು ತಂಡ ಮತ್ತೆ ಬಂದು, ಒಬ್ಬೊಬ್ಬರ ಮನೆಯ ಜಗಲಿಯಲ್ಲಿ ಕುಳಿತು, ಗಂಡನನ್ನು ಪ್ರತ್ಯೇಕವಾಗಿ ಕರೆದು, ಮಕ್ಕಳೆಷ್ಟು ಎಂದು ಕೇಳಿಕೊಂಡು ಹೋಗಲು ಒಂದು ತಿಂಗಳೂ ಬೇಡ.